ಬಣ್ಣ ತೊಳೆಯದ ಕೊಲೆಗಾರರು: ಗೇಮಿನ ಪಾತ್ರಗಳಿಂದ ಉರಿಗೌಡ-ನಂಜೇಗೌಡರ ತನಕ

ಬಿಜಿಎಂಐ ಆಡೋರಿಗೆಲ್ಲ ಗೊತ್ತಿರೋ ವಿಷಯ: ಅದರಲ್ಲಿ ರಕ್ತ ಕೆಂಪಲ್ಲ, ಹಸಿರು. ಎದುರಾಳಿಯನ್ನು ನೀವು 'ಕಿಲ್' ಮಾಡೋದಿಲ್ಲ, 'ಫಿನಿಶ್' ಮಾಡ್ತೀರಿ. ಇದು ನಿಜವಾದ ಜಗತ್ತಲ್ಲ, ಬರೀ ಆಟ ಅಂತ ಗೇಮೇ ನೆನಪಿಸುತ್ತೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಗಿ, 2021ರ ಜುಲೈನಲ್ಲಿ ಅದು ಹೊಸ ಹೆಸರಿನಲ್ಲಿ ಭಾರತಕ್ಕೆಂದೇ ವಾಪಸ್ ಬಂದಾಗ ಈ ಬದಲಾವಣೆಗಳೂ ಜೊತೆಗೆ ಬಂದವು.

ಬಣ್ಣ ಬದಲಾಯಿಸಿದರೆ ಕೊಲೆಯ ನೈತಿಕತೆ ಬದಲಾಗುತ್ತಾ? ಇಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದ್ರೆ ಆ ಎಚ್ಚರಿಕೆಯ ಸಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. 'ಇದು ನಿಜವಲ್ಲ' ಅಂತ ಒಂದು ಗೇಮ್ ಹೇಳುವಷ್ಟು ಜವಾಬ್ದಾರಿ, ನಮ್ಮ ಶ್ರೀರಂಗಪಟ್ಟಣದ ಕೋಟೆಯ ಸುತ್ತ ಎರಡು ಕೊಲೆಗಾರ ಪಾತ್ರಗಳನ್ನು ಹುಟ್ಟುಹಾಕಿದವರಿಗೆ ಇರಲಿಲ್ಲ. ಅಲ್ಲಿಗೆ ಬರೋಣ. ಅದಕ್ಕೂ ಮೊದಲು ಗೇಮಿನ ಕೊಲೆಯ ಬಗ್ಗೆ ನೆಟ್ಟಗೆ ಮಾತಾಡಬೇಕು. ಯಾಕಂದ್ರೆ ನಮ್ಮಲ್ಲಿ ಈ ಚರ್ಚೆ ಎರಡೇ ಮಾತಿಗೆ ಮುಗಿದುಹೋಗುತ್ತೆ. ಅಪ್ಪ ಅಮ್ಮ "ಅದ್ನ ಆಡಿ ಆಡಿ ತಲೆ ಕೆಟ್ಟೋಗದೆ" ಅಂತಾರೆ, ನಾವು "ಗೇಮ್ ತಾನೆ, ಬಿಡಿ" ಅಂತೀವಿ. ಎರಡೂ ಉತ್ತರ ಸಾಲದು.

ಪಾತ್ರ ಕಟ್ಟೋದು ನಮಗೆ ಹೊಸದಲ್ಲ

ಸುಮ್ಮನೆ ಗುಂಡು ಹೊಡೆಯೋ ಗೇಮ್ ಬೇರೆ, ರೋಲ್ ಪ್ಲೇಯಿಂಗ್ ಗೇಮ್ ಅಂದ್ರೆ ಆರ್‌ಪಿಜಿ ಬೇರೆ. ಆರ್‌ಪಿಜಿಯಲ್ಲಿ ನೀವೊಂದು ಪಾತ್ರ ತೊಡ್ತೀರಿ. ಅದಕ್ಕೊಂದು ಹೆಸರು, ಹಿನ್ನೆಲೆ, ಸ್ವಭಾವ ಇರುತ್ತೆ. ಯಾರ ಜೊತೆ ಹೇಗೆ ಮಾತಾಡಬೇಕು, ಯಾರನ್ನು ಉಳಿಸಬೇಕು, ಯಾರನ್ನು ಮುಗಿಸಬೇಕು ಅನ್ನೋದನ್ನ ನೀವೇ ಆರಿಸ್ತೀರಿ.

ಮಂಡ್ಯ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ನಮ್ಮ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡೋವಾಗ ಜನ ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ರ ಪ್ರಾಕ್ಟೀಸ್ ಮಾಡಿ ಬಣ್ಣ ಹಚ್ತಾರೆ. ಧರ್ಮರಾಯನ ಪಾತ್ರಕ್ಕಿಂತ ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಜಾಸ್ತಿ. ಹಾಗಂತ ದುರ್ಯೋಧನನ ಪಾತ್ರ ಕೇಳಿದವನು ಕೆಟ್ಟವನು ಅಂತ ಊರಲ್ಲಿ ಯಾರೂ ಅನ್ನಲ್ಲ. ರಾತ್ರಿ ಭೀಮ ದುಶ್ಶಾಸನನ ಎದೆ ಬಗೀತಾನೆ, ಬೆಳಗ್ಗೆ ಇಬ್ಬರೂ ಒಂದೇ ಹೋಟ್ಲಲ್ಲಿ ಟೀ ಕುಡೀತಾರೆ. ಕೊಲೆಗಾರನ ಪಾತ್ರ ಮಾಡೋದೇ ತಪ್ಪು ಅನ್ನೋ ವಾದ ನಮ್ಮ ಊರುಗಳಲ್ಲಿ ಯಾವತ್ತೋ ಬಿದ್ದುಹೋಗಿದೆ.

ಹಾಗಾದ್ರೆ ಪ್ರಶ್ನೆ ಎಲ್ಲಿದೆ?

ಗುಡಿಸಲಿನಲ್ಲಿ ಕಟ್ಟಿಹಾಕಿದ ಮೂವರು

2011ರಲ್ಲಿ ಬಂದ 'ಸ್ಕೈರಿಮ್' ಇವತ್ತಿಗೂ ಹಳೇ ಲ್ಯಾಪ್‌ಟಾಪುಗಳಲ್ಲಿ ಓಡ್ತಿದೆ. ನಮ್ಮ ಗೆಳೆಯರ ಗುಂಪಲ್ಲಿ ಅದರ 'ಡಾರ್ಕ್ ಬ್ರದರ್‌ಹುಡ್' ಭಾಗದ ಬಗ್ಗೆ ಆದಷ್ಟು ಜಗಳ ರಾಜಕೀಯದ ಬಗ್ಗೆಯೂ ಆಗಿಲ್ಲ. ಡಾರ್ಕ್ ಬ್ರದರ್‌ಹುಡ್ ಅಂದ್ರೆ ಸುಪಾರಿ ಕೊಲೆಗಾರರ ಸಂಘ. ಅದಕ್ಕೆ ಸೇರೋ ದಾರಿ ಹೀಗಿದೆ: ಅನಾಥಾಲಯದಿಂದ ಓಡಿಬಂದ ಒಬ್ಬ ಹುಡುಗ, ಅಲ್ಲಿನ ಮೇಲ್ವಿಚಾರಕಿ ಗ್ರೆಲೋಡ್‌ಳನ್ನು ಕೊಲ್ಲು ಅಂತ ಕೇಳಿಕೊಳ್ತಾನೆ. ಅವಳು ಮಕ್ಕಳನ್ನು ಹಿಂಸಿಸೋ ಮುದುಕಿ. ನೀವು ಕೊಂದರೆ ಅನಾಥಾಲಯದ ಮಕ್ಕಳು ಕುಣಿದಾಡ್ತಾರೆ.

"ಆ ಮುದುಕಿ ಸಾಯ್ಬೇಕಿತ್ತು ಕಣೋ, ಅದ್ರಲ್ಲಿ ತಪ್ಪೇನಿದೆ?" ಅಂತ ಒಬ್ಬ. "ಮಕ್ಕಳನ್ನ ಬಿಡಿಸ್ಕೊಂಡು ಬರೋಕೆ ಬೇರೆ ದಾರೀನೇ ಇಲ್ವಾ ಮಗಾ? ಆ ದಾರಿ ಗೇಮ್ ಯಾಕೆ ಕೊಡ್ಲಿಲ್ಲ?" ಅಂತ ಇನ್ನೊಬ್ಬ. ಎರಡನೆಯವನ ಪ್ರಶ್ನೆ ದೊಡ್ಡದು. ಗೇಮ್ ನಮಗೆ ಆಯ್ಕೆ ಕೊಟ್ಟ ಹಾಗೆ ಕಾಣುತ್ತೆ, ಆದ್ರೆ ಆಯ್ಕೆಗಳ ಪಟ್ಟಿ ಬರೆದವರು ಬೇರೆ ಯಾರೋ.

ಆಮೇಲಿಂದು ಇನ್ನೂ ಚುರುಕು. ನೀವು ನಿದ್ದೆಯಿಂದ ಎದ್ದಾಗ ಒಂದು ಪಾಳು ಗುಡಿಸಲಿನಲ್ಲಿ ಇರ್ತೀರಿ. ಸಂಘದ ನಾಯಕಿ ಆಸ್ಟ್ರಿಡ್ ಕೂತಿದ್ದಾಳೆ. ಎದುರಿಗೆ ಮುಖ ಮುಚ್ಚಿ, ಕೈ ಕಟ್ಟಿಹಾಕಿದ ಮೂವರು: ಒಬ್ಬ ಕೂಲಿ ಸೈನಿಕ, ಒಬ್ಬಳು ತಾಯಿ, ತನ್ನ ದುಷ್ಕೃತ್ಯಗಳನ್ನು ತಾನೇ ಕೊಚ್ಚಿಕೊಳ್ಳೋ ಒಬ್ಬ. ಇವರಲ್ಲಿ ಒಬ್ಬರ ತಲೆಗೆ ಸುಪಾರಿ ಇದೆ, ಯಾರು ಅಂತ ಹೇಳಲ್ಲ, ಒಬ್ಬರನ್ನು ಕೊಂದು ಹೊರಗೆ ಹೋಗು ಅಂತಾಳೆ ಆಸ್ಟ್ರಿಡ್. ನಾವು ಕೂತು ವಿಚಾರಣೆ ನಡೆಸ್ತೀವಿ, ಮಾತಾಡಿಸ್ತೀವಿ, ತೀರ್ಪು ಕೊಡ್ತೀವಿ. ಕೊಂದಮೇಲೆ ಗೊತ್ತಾಗೋದೇನು? ಯಾರನ್ನು ಕೊಂದರೂ ಆಸ್ಟ್ರಿಡ್‌ಗೆ ಸಮಾಧಾನವೇ. ಸರಿ ಉತ್ತರ ಅಂತ ಒಂದಿಲ್ಲ. ಹೇಳಿದ್ದನ್ನ ಮಾಡ್ತೀಯಾ ಇಲ್ವಾ ಅನ್ನೋದೇ ಪರೀಕ್ಷೆ.

ಅಲ್ಲೇ ಇನ್ನೊಂದು ದಾರಿಯೂ ಇದೆ. ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಕಟ್ಟಿಹಾಕಿದವರನ್ನು ಬಿಟ್ಟು ಆಸ್ಟ್ರಿಡ್ ಕಡೆಗೇ ಕತ್ತಿ ತಿರುಗಿಸಬಹುದು. ಹಾಗೆ ಮಾಡಿದರೆ ಆ ಕೊಲೆಗಾರರ ಸಂಘವನ್ನೇ ಮುಗಿಸೋ ಕಥೆ ತೆರೆದುಕೊಳ್ಳುತ್ತೆ. ಮೊದಲ ಸಲ ಆಡಿದಾಗ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಎದುರಿಗೆ ಮೂವರನ್ನು ಕೂರಿಸಿ 'ಯಾರನ್ನ?' ಅಂತ ಕೇಳಿದಾಗ, 'ಯಾಕೆ?' ಅಂತ ಕೇಳೋದನ್ನ ತಲೆ ಮರೆತುಬಿಡುತ್ತೆ. ನನ್ನ ಪ್ರಕಾರ ಈ ಒಂದು ದೃಶ್ಯ ಒಳ್ಳೇ ರಾಜಕೀಯ ಪಾಠ.

'ಗೇಮ್ ತಾನೆ ಬಿಡಿ' ಅನ್ನೋದು ಯಾಕೆ ಸಾಲದು

ಈ ವಾದದಲ್ಲಿ ಅರ್ಧ ಸತ್ಯ ಇದೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಹೊರಡಿಸಿದ ನಿರ್ಣಯದಲ್ಲಿ, ವಿಡಿಯೋ ಗೇಮುಗಳೇ ನಿಜಜೀವನದ ಹಿಂಸಾಚಾರಕ್ಕೆ ಕಾರಣ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತ ಹೇಳಿದೆ. ಕೂಗಾಡೋದು, ತಳ್ಳಾಡೋದು ಇಂಥ ಸಿಟ್ಟಿನ ವರ್ತನೆಯ ಜೊತೆ ಸಣ್ಣ ನಂಟು ಮಾತ್ರ ಇದೆ ಅಂತಲೂ ಸೇರಿಸಿದೆ. ಅಂದ್ರೆ ಗೇಮ್ ಆಡಿದವನೆಲ್ಲ ಕತ್ತಿ ಹಿಡಿದು ಬೀದಿಗೆ ಬರಲ್ಲ. ಕೊಲೆ ನಡೆದ ತಕ್ಷಣ ಟಿವಿಯವರು ಫೋನಿನಲ್ಲಿ ಯಾವ ಗೇಮ್ ಇತ್ತು ಅಂತ ಹುಡುಕೋದು ಸೋಮಾರಿತನ.

ಉಳಿದರ್ಧ ಅಷ್ಟು ಸುಲಭವಲ್ಲ. 2009ರಲ್ಲಿ ತತ್ವಶಾಸ್ತ್ರಜ್ಞ ಮಾರ್ಗನ್ ಲಕ್ ಒಂದು ತೊಡಕಿನ ಪ್ರಶ್ನೆ ಮುಂದಿಟ್ಟರು. ಗೇಮಿನಲ್ಲಿ ಕೊಲೆ ಮಾಡೋದನ್ನ ನಾವು ಒಪ್ತೀವಿ, ಯಾಕಂದ್ರೆ ನಿಜವಾಗಿ ಯಾರೂ ಸಾಯಲ್ಲ. ಸರಿ. ಆದ್ರೆ ಗೇಮಿನಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡೋ ಅವಕಾಶ ಕೊಟ್ಟರೆ? ಅಲ್ಲೂ ನಿಜವಾದ ಮಗು ಇಲ್ಲ. ಆದ್ರೂ ನಮಗೆ ಅಸಹ್ಯವಾಗುತ್ತೆ, ಆಗಲೂಬೇಕು. ಹಾಗಾದ್ರೆ 'ಯಾರಿಗೂ ನೋವಾಗಿಲ್ಲ, ಗೇಮ್ ತಾನೆ' ಅನ್ನೋದೊಂದೇ ನಮ್ಮ ಅಳತೆಗೋಲಾಗಿರಲಿಲ್ಲ. ಯಾವುದನ್ನು ಆಡಿ ಖುಷಿಪಡ್ತೀವಿ, ಯಾವ ಕಥೆಯೊಳಗೆ ನಿಂತು ಖುಷಿಪಡ್ತೀವಿ ಅನ್ನೋದೂ ಲೆಕ್ಕಕ್ಕಿದೆ.

ಇಷ್ಟೆಲ್ಲ ಜಗಳದ ನಂತರ ಒಂದು ಕೊಲೆಗಾರ ಪಾತ್ರವನ್ನು ತೂಗೋಕೆ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೀನಿ.

ಒಂದು: ಸತ್ತವನಿಗೆ ಮುಖ ಇದೆಯಾ?

2015ರ 'ಅಂಡರ್‌ಟೇಲ್' ನೋಡೋಕೆ ಪುಟ್ಟ ಗೇಮು. ಎದುರಾಗೋ ಪ್ರತಿ ರಾಕ್ಷಸನಿಗೂ ಹೆಸರಿದೆ, ಸ್ವಭಾವ ಇದೆ, ಗೆಳೆಯರಿದ್ದಾರೆ. ಒಬ್ಬರನ್ನೂ ಕೊಲ್ಲದೆ ಗೇಮ್ ಮುಗಿಸಬಹುದು. ಎಲ್ಲರನ್ನೂ ಕೊಂದೂ ಮುಗಿಸಬಹುದು. ಬೇರೆ ಗೇಮುಗಳಲ್ಲಿ ನಾವು ಹೆಮ್ಮೆಯಿಂದ ಹೆಚ್ಚಿಸಿಕೊಳ್ಳೋ 'ಇಎಕ್ಸ್‌ಪಿ' ಅಂದ್ರೆ ಇಲ್ಲಿ ಅನುಭವ ಅಲ್ಲ, ಎಷ್ಟು ಜನರನ್ನ ಕೊಂದೆ ಅನ್ನೋ ಲೆಕ್ಕ. ಇದು ನಿಮಗೆ ಕೊನೆಗಷ್ಟೇ ಗೊತ್ತಾಗುತ್ತೆ. ಯಾರನ್ನೋ ಕೊಂದು ಬೇಜಾರಾಗಿ, ಹಳೇ ಸೇವ್‌ಗೆ ವಾಪಸ್ ಹೋಗಿ ಅವರನ್ನ ಉಳಿಸಿದರೂ ಗೇಮ್ ನೆನಪಿಟ್ಟುಕೊಂಡು ಆಡಿ ತೋರಿಸುತ್ತೆ.

ಎರಡು: ಆಯ್ಕೆ ನನ್ನದಾ? ಅದಕ್ಕೆ ಬೆಲೆ ತೆರಬೇಕಾ?

2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ 'ಡಾರ್ಕ್ ಅರ್ಜ್' ಅನ್ನೋ ಪಾತ್ರ ಇದೆ. ಕೊಲ್ಲಬೇಕು ಅನ್ನೋ ತುಡಿತ ಅವನ ರಕ್ತದಲ್ಲೇ ಇದೆ. ಶಿಬಿರಕ್ಕೆ ಬಂದ ಹಾಡುಗಾತಿಯೊಬ್ಬಳು ಬೆಳಗಾಗೋದರೊಳಗೆ ಅವನ ಕೈಯಲ್ಲೇ ಸತ್ತಿರ್ತಾಳೆ, ಅದನ್ನ ನೀವು ಆರಿಸಿರಲ್ಲ. ಆದ್ರೆ ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಯಲ್ಲೂ ಆ ತುಡಿತಕ್ಕೆ ಇಲ್ಲ ಅನ್ನಬಹುದು. ಹುಟ್ಟು ಹೀಗಿದೆ, ರಕ್ತ ಹೀಗಿದೆ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಗೇಮ್ ಬಿಡಲ್ಲ. ನಾನು ಆಡಿದ್ದರಲ್ಲಿ ಅತಿ ಹೆಚ್ಚು ಕೊಲೆ ಮಾಡೋ ಪಾತ್ರವೇ ಅತಿ ಹೆಚ್ಚು ನೈತಿಕ ಪ್ರಶ್ನೆ ಕೇಳಿದ್ದು.

ಮೂರು: ಆಟ ಮುಗಿಯುತ್ತಾ? ಬಣ್ಣ ತೊಳೀತಾರಾ?

2007ರಿಂದ ಬರ್ತಿರೋ 'ಅಸ್ಯಾಸಿನ್ಸ್ ಕ್ರೀಡ್' ಸರಣಿಯ ನಾಯಕರೆಲ್ಲ ಕೊಲೆಗಾರರೇ. ನಿಜವಾದ ಊರು, ನಿಜವಾದ ಕಾಲ, ನಿಜವಾಗಿ ಬದುಕಿದ್ದ ಕೆಲವು ವ್ಯಕ್ತಿಗಳು, ಅವರ ನಡುವೆ ಕಲ್ಪನೆಯ ಕೊಲೆಗಾರ. 2016ರಲ್ಲಿ ಭಾರತದ ಸಿಖ್ ಸಾಮ್ರಾಜ್ಯದ ಕಾಲದ ಮೇಲೂ ಒಂದು ಬಂತು. ಆದ್ರೆ ಈ ಕೊಲೆಗಾರರ ಮೊದಲ ನಿಯಮವೇ ಅಮಾಯಕರ ಮೇಲೆ ಕತ್ತಿ ಎತ್ತಬಾರದು ಅನ್ನೋದು. ಸುಮ್ಮನೆ ಬೀದಿಯಲ್ಲಿ ಹೋಗೋರನ್ನ ಕೊಂದರೆ ಗೇಮ್ ಎಚ್ಚರಿಸುತ್ತೆ, ಮುಂದುವರಿಸಿದರೆ ಆಟವೇ ಕಡಿದುಹೋಗುತ್ತೆ. ಮುಖ್ಯವಾಗಿ, ಇದು ಕಟ್ಟುಕಥೆ ಅಂತ ಆಡೋನಿಗೂ ಗೊತ್ತು, ಮಾಡಿದವನಿಗೂ ಗೊತ್ತು. ನಾಟಕದ ಕೊನೆಗೆ ಮಂಗಳ ಹಾಡಿದ ಹಾಗೆ ಇದೂ ಒಂದು ಹಂತಕ್ಕೆ ಮುಗಿಯುತ್ತೆ.

ಈಗ ಶ್ರೀರಂಗಪಟ್ಟಣಕ್ಕೆ

ನಿಜವಾದ ಊರು, ನಿಜವಾದ ಕಾಲ, ನಿಜವಾದ ರಾಜ, ಅವನನ್ನು ಕೊಲ್ಲೋ ಇಬ್ಬರು ಕಲ್ಪನೆಯ ಕೊಲೆಗಾರರು. ಕೇಳೋಕೆ 'ಅಸ್ಯಾಸಿನ್ಸ್ ಕ್ರೀಡ್' ಥರಾನೇ ಇದೆ. ಆದ್ರೆ ಇದು ಗೇಮಾಗಿ ಬರಲಿಲ್ಲ, ಇತಿಹಾಸ ಅಂತ ಬಂತು.

1799ರ ಮೇ 4ರಂದು ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿದಾಗ ಟಿಪ್ಪು ಸುಲ್ತಾನ್ ಹೋರಾಡುತ್ತಾ ಸತ್ತ. ಅವನ ಶವ ಸಿಕ್ಕ ಜಾಗವನ್ನು ಇವತ್ತೂ ಕೋಟೆಯೊಳಗೆ ನೋಡಬಹುದು. ನಮ್ಮ ಕಿರಂಗೂರಿನಿಂದ ಅದು ದೂರವೇನಿಲ್ಲ. ಶಾಲೆಯಿಂದ ಟೂರ್ ಅಂತ ಬೇರೆ ಜಿಲ್ಲೆಯ ಮಕ್ಕಳು ಬರೋ ಜಾಗ ನಮಗೆ ಸೈಕಲ್ ಹೊಡೆಯೋ ಜಾಗ.

2022ರ ನವೆಂಬರ್‌ನಲ್ಲಿ ಮೈಸೂರಿನ ರಂಗಾಯಣದಲ್ಲಿ 'ಟಿಪ್ಪು ನಿಜಕನಸುಗಳು' ನಾಟಕ ರಂಗಕ್ಕೆ ಬಂತು. ಬರೆದವರು ಆಗ ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಸಿ. ಕಾರ್ಯಪ್ಪ. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಅನ್ನೋದು ಅದರ ಕಥೆ. ನಾಟಕಕಾರನಿಗೆ ಕಲ್ಪಿಸೋ ಹಕ್ಕಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಪಾತ್ರಗಳು ರಂಗದಿಂದ ಇಳಿದು ಬಣ್ಣ ತೊಳೆಯದೇ ಬೀದಿಗೆ ಬಂದವು.

2023ರ ಫೆಬ್ರವರಿಯಲ್ಲಿ, ಚುನಾವಣೆಗೆ ಮೂರು ತಿಂಗಳಿದ್ದಾಗ, ಆಗಿನ ಉನ್ನತ ಶಿಕ್ಷಣ ಸಚಿವ ಸಿ.ಎನ್. ಅಶ್ವತ್ಥ ನಾರಾಯಣ ಮಂಡ್ಯ ಜಿಲ್ಲೆಯ ಸಾತನೂರಿನ ಸಭೆಯಲ್ಲಿ, ಉರಿಗೌಡ-ನಂಜೇಗೌಡರು ಟಿಪ್ಪುವಿಗೆ ಮಾಡಿದ ಹಾಗೆಯೇ ಸಿದ್ದರಾಮಯ್ಯನವರನ್ನೂ ಮುಗಿಸಬೇಕು ಅನ್ನೋ ಅರ್ಥದ ಮಾತಾಡಿದರು. ಗದ್ದಲವಾದ ಮೇಲೆ ವಿಷಾದ ಹೇಳಿ, ಚುನಾವಣೆಯಲ್ಲಿ ಸೋಲಿಸಬೇಕು ಅನ್ನೋದಷ್ಟೇ ತಮ್ಮ ಅರ್ಥ ಅಂದರು. ಮಾರ್ಚ್ 12ರಂದು ಪ್ರಧಾನಿ ಮೋದಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೆ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನಿನ ಮೇಲೆ ಈ ಇಬ್ಬರ ಹೆಸರಿತ್ತು. ವಿರೋಧ ಬಂದ ಮೇಲೆ ಹೆಸರು ಬದಲಾಯಿಸಿದರು. ಸಚಿವರೂ ನಿರ್ಮಾಪಕರೂ ಆಗಿದ್ದ ಮುನಿರತ್ನ ಇದೇ ಹೆಸರಲ್ಲಿ ಸಿನಿಮಾ ಮಾಡ್ತೀನಿ ಅಂತ ಹೊರಟರು. 'ಸುವರ್ಣ ಮಂಡ್ಯ' ಗ್ರಂಥದಲ್ಲೇ ಈ ಹೆಸರುಗಳಿವೆ ಅಂತ ಬಿಜೆಪಿ ನಾಯಕರು ವಾದಿಸಿದರು. ಎಲ್ಲೋ ಹೆಸರು ಇರೋದಕ್ಕೂ, ಟಿಪ್ಪುವನ್ನು ಕೊಂದದ್ದು ಇವರೇ ಅನ್ನೋದಕ್ಕೂ ಇರೋ ಅಂತರವನ್ನು ಅವರು ತುಂಬಲಿಲ್ಲ.

ಕೊನೆಗೆ ಇದಕ್ಕೆ ತಡೆ ಹಾಕಿದ್ದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ. ಖಚಿತವಾದ ಐತಿಹಾಸಿಕ ದಾಖಲೆ ಇಲ್ಲದೆ ಇದನ್ನು ಮುಂದುವರಿಸಬಾರದು ಅನ್ನೋ ನಿಲುವು ತೆಗೆದುಕೊಂಡರು. ಅದೇ ಮಾರ್ಚ್‌ನಲ್ಲಿ ಅವರನ್ನು ಭೇಟಿಯಾಗಿ ಬಂದ ಮುನಿರತ್ನ ಸಿನಿಮಾ ಕೈಬಿಟ್ಟರು.

ಮೂರು ಪ್ರಶ್ನೆ ಇಲ್ಲೂ ಕೇಳೋಣ

ಸತ್ತವನಿಗೆ ಮುಖ ಇದೆಯಾ? ಈ ಕಥೆಯಲ್ಲಿ ಇಲ್ಲ. ಟಿಪ್ಪು ಇಲ್ಲಿ ಮನುಷ್ಯನಲ್ಲ, ಹೊಡೆದುರುಳಿಸಬೇಕಾದ ಬಾಸ್. ಸಾತನೂರಿನ ಭಾಷಣದಲ್ಲಿ ಆ ಬಾಸ್‌ನ ಜಾಗಕ್ಕೆ ಬದುಕಿರೋ ರಾಜಕಾರಣಿಯ ಹೆಸರು ಹಾಕಿದರು. ನಾಳೆ ಆ ಜಾಗದಲ್ಲಿ ಗಂಜಾಮಿನಲ್ಲಿ ಅಂಗಡಿ ಇಟ್ಟುಕೊಂಡಿರೋ ಯಾವನೋ ಮುಸ್ಲಿಂ ಹುಡುಗನ ಹೆಸರು ಬರಲ್ಲ ಅನ್ನೋಕೆ ಗ್ಯಾರಂಟಿ ಏನು? ಮುಖ ಇಲ್ಲದ ಪಾತ್ರದ ಅಪಾಯವೇ ಇದು, ಯಾರ ಮುಖ ಬೇಕಾದರೂ ಅಂಟಿಸಬಹುದು.

ಈ ಪ್ರಶ್ನೆ ಎರಡೂ ಕಡೆಗೆ ಕೇಳಬೇಕು. ಟಿಪ್ಪುವಿನ ಕೈಯಿಂದ ಸತ್ತವರಿಗೂ ಮುಖ ಇದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ಇವತ್ತಿಗೂ ನರಕ ಚತುರ್ದಶಿ ಆಚರಿಸಲ್ಲ. ಆ ದಿನ ಟಿಪ್ಪುವಿನ ಆಳ್ವಿಕೆಯಲ್ಲಿ ತಮ್ಮವರ ಹತ್ಯೆಯಾಯಿತು ಅನ್ನೋ ನೆನಪು ಅವರದು. ಕೊಡವರಿಗೂ ಅವರದೇ ನೆನಪುಗಳಿವೆ. ಟಿಪ್ಪುವನ್ನು ಬರೀ ಹುಲಿ ಅಂತ ಕೊಂಡಾಡುವವರು ಈ ನೆನಪುಗಳ ಎದುರು ಮುಖ ತಿರುಗಿಸಿಕೊಳ್ಳೋದು ಸರಿಯಲ್ಲ. ದಾಖಲೆ ಇಟ್ಟುಕೊಂಡು ಅದನ್ನ ಚರ್ಚಿಸೋಣ. ಆದ್ರೆ ಒಂದು ನಿಜವಾದ ದುಃಖಕ್ಕೆ ಉತ್ತರವಾಗಿ ಇಬ್ಬರು ಕಟ್ಟುಕಥೆಯ ಕೊಲೆಗಾರರನ್ನು ತಂದು ನಿಲ್ಲಿಸಿದರೆ ಆ ದುಃಖಕ್ಕೂ ಅವಮಾನವೇ.

ಆಯ್ಕೆ ಯಾರದು, ಬೆಲೆ ಯಾರದು? ಉರಿಗೌಡ-ನಂಜೇಗೌಡರ ಪಾತ್ರವನ್ನು ಬರೆದವರು ಒಬ್ಬರು, ತೊಡಬೇಕಾದವರು ಇನ್ನೊಬ್ಬರು. ಆ ವೇಷವನ್ನ ಹಿಡಿದು ನಿಂತಿದ್ದು ಮಂಡ್ಯದ ರೈತರ ಮನೆಯ ಹುಡುಗರ ಮುಂದೆ. ಕಬ್ಬಿನ ಬೆಲೆ, ಕಾವೇರಿ ನೀರು, ಕೆಲಸ ಇವುಗಳ ಬಗ್ಗೆ ಕೇಳಬೇಕಾದ ವಯಸ್ಸಿನಲ್ಲಿ 'ನಿಮ್ಮ ಪೂರ್ವಜರು ಕೊಲೆಗಾರರು, ಹೆಮ್ಮೆಪಡಿ' ಅಂತ ಹೇಳಿದರು. ಡಾರ್ಕ್ ಅರ್ಜ್ ಪಾತ್ರಕ್ಕೆ 'ನಿನ್ನ ರಕ್ತದಲ್ಲೇ ಇದೆ' ಅಂತ ಪಿಸುಗುಟ್ಟೋ ಹಾಗೇನೇ ಇದು. ಆಮೇಲೆ ಏನಾದರೂ ಅನಾಹುತವಾದರೆ ಕೇಸು ಹುಡುಗರ ಮೇಲೆ, ಭಾಷಣ ಮಾಡಿದವರದು ವಿಷಾದ.

ಆಟ ಮುಗಿಯುತ್ತಾ? ಗೇಮಿನಲ್ಲಿ 'ಇದು ನಿಜವಲ್ಲ' ಅಂತ ಎಚ್ಚರಿಕೆ ಇದೆ. ಕುರುಕ್ಷೇತ್ರ ನಾಟಕದಲ್ಲಿ ಮಂಗಳ ಇದೆ. ಈ ಕಥೆಯಲ್ಲಿ ಎರಡೂ ಇರಲಿಲ್ಲ. ನಾಟಕದಿಂದ ಭಾಷಣಕ್ಕೆ, ಭಾಷಣದಿಂದ ಕಮಾನಿಗೆ, ಕಮಾನಿನಿಂದ ಸಿನಿಮಾ ಪೋಸ್ಟರಿಗೆ. ಪ್ರತಿ ಹಂತದಲ್ಲೂ 'ಕಥೆ' ಅನ್ನೋ ಪದ ಉದುರುತ್ತಾ ಹೋಯಿತು. ಬಿಜಿಎಂಐನಲ್ಲಿ ಕೊಲೆಯನ್ನು 'ಫಿನಿಶ್' ಅಂದದ್ದು ಹಿಂಸೆಯನ್ನು ಮೆತ್ತಗೆ ಮಾಡೋಕೆ. ರಾಜಕೀಯದಲ್ಲಿ 'ಮುಗಿಸಬೇಕು' ಅಂದಾಗ ಅದೇ ಮೆತ್ತಗಿನ ಪದ ಹಿಂಸೆಗೆ ಬಾಗಿಲು ತೆರೆಯುತ್ತೆ.

ಮೂರನೇ ದಾರಿ

2023ರ ಮೇ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಐದು, ಜೆಡಿಎಸ್ ಒಂದು, ಸರ್ವೋದಯ ಕರ್ನಾಟಕ ಪಕ್ಷ ಒಂದು ಗೆದ್ದವು. ಬಿಜೆಪಿಗೆ ಒಂದೂ ಸಿಗಲಿಲ್ಲ. ಇದಕ್ಕೆ ಉರಿಗೌಡ-ನಂಜೇಗೌಡರೇ ಕಾರಣ ಅಂತ ನಾನು ಹೇಳಲ್ಲ, ಚುನಾವಣೆಗೆ ನೂರು ಕಾರಣ ಇರುತ್ತೆ. ಆದ್ರೆ ಕೊಟ್ಟ ವೇಷವನ್ನ ಜಿಲ್ಲೆ ತೊಡಲಿಲ್ಲ ಅನ್ನೋದಂತೂ ನಿಜ. ಹಾಗಂತ ಆಟ ಮುಗೀತು ಅಂದುಕೊಳ್ಳಬೇಡಿ. ಇಂಥ ಪಾತ್ರಗಳಿಗೆ ಸೇವ್ ಫೈಲ್ ಇರುತ್ತೆ, ಮುಂದಿನ ಚುನಾವಣೆಗೆ ಲೋಡ್ ಮಾಡ್ತಾರೆ.

ಹಾಗಾಗಿ ಗೇಮ್ ಆಡೋದನ್ನ ಬಿಡಿ ಅಂತ ನಾನು ಹೇಳಲ್ಲ. ಕೊಲೆಗಾರನ ಪಾತ್ರ ಬೇಕಾದ್ರೂ ಆಡಿ. ಒಳ್ಳೇ ಆರ್‌ಪಿಜಿ ಆಡಿದವನಿಗೆ ಒಂದು ವಿದ್ಯೆ ಬಂದಿರುತ್ತೆ: ಈ ಆಯ್ಕೆಗಳ ಪಟ್ಟಿ ಬರೆದವನು ಯಾರು, ನನ್ನ ಕೈಗೆ ಕತ್ತಿ ಕೊಟ್ಟವನಿಗೆ ಏನು ಬೇಕು, ಪಟ್ಟಿಯಲ್ಲಿಲ್ಲದ ದಾರಿ ಯಾವುದು ಅಂತ ಹುಡುಕೋದು. ಆ ವಿದ್ಯೆಯನ್ನ ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಇಟ್ಟುಕೊಳ್ಳಿ. ಗುಡಿಸಲಿನಲ್ಲಿ ಮೂವರನ್ನು ಕೂರಿಸಿ 'ಯಾರನ್ನ ಮುಗಿಸ್ತೀಯಾ?' ಅಂತ ಯಾರಾದ್ರೂ ಕೇಳಿದಾಗ, ಮೊದಲು ತಿರುಗಿ ನೋಡಬೇಕಾದ್ದು ಕೇಳಿದವರ ಕಡೆಗೆ. ಗೇಮಿನಲ್ಲಾದರೆ ಅಲ್ಲಿ ಕತ್ತಿ ಎತ್ತಬೇಕಾಗುತ್ತೆ. ಇಲ್ಲಿ ನಮಗೆ ಅದೂ ಬೇಡ, ಒಂದು ಪ್ರಶ್ನೆ ಮತ್ತು ಒಂದು ಮತ ಸಾಕು.